ಆಯಿಗೂ ಆಯ್ತಿಗೂ ನಡುವೆ

ನಮ್ಮಷ್ಟು ಧಾರಾಳವಾಗಿ 'ಆಯ್ತಾ?' ಎಂದು ಕೇಳುವ ಜನ ಬೇರೆಲ್ಲೂ ಇರಲಾರರು. ಊಟ ಆಯ್ತಾ, ಸ್ನಾನ ಆಯ್ತಾ, ಮಗಳ ಮದುವೆ ಆಯ್ತಾ ಎಂದು ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ ಕೇಳುತ್ತೇವೆ. ಏನು ಎಂದು ಹೇಳದೆ ಬರಿಯ 'ಆಯ್ತಾ?' ಎಂದರೂ, ಕೇಳಿಸಿಕೊಂಡವರು ತಮಗೆ ತೋಚಿದ ಕ್ರಿಯೆಯನ್ನು ಅದಕ್ಕೆ ಜೋಡಿಸಿಕೊಂಡು 'ಆಯ್ತು' ಎನ್ನುತ್ತಾರೆ. ಇಂಥ ಅನುಕೂಲದ ಪದವೊಂದು ನನ್ನ ಮಗಳ ಹೊಟ್ಟೆಯನ್ನು ಕಲ್ಲಾಗಿಸಿತ್ತು ಎಂದರೆ ನೀವು ನಗಬಹುದು. ನಗಿ. ಆದರೆ ವಿಷಯ ಮಲವಿಸರ್ಜನೆಗೆ ಸಂಬಂಧಿಸಿದ್ದು. ಊಟಕ್ಕೆ ಕೂತಿದ್ದರೆ ಮುಗಿಸಿಕೊಂಡು ಬನ್ನಿ. ಆಯ್ತಾ? ಸರಿ.

ಐವತ್ತರ ದಶಕದ ಕೊನೆಯ ಮಾತು. ಬೂದಿಕೋಟೆಯ ಮೇಷ್ಟರ ಮಗಳಾದ ನಾನು ಮದುವೆಯಾಗಿ ಚಿನ್ನದ ಗಣಿಯ ಊರಿಗಾಂಗೆ ಬಂದೆ. ತವರಿನಲ್ಲಿ ಏಳುವುದಕ್ಕೆ, ಉಣ್ಣುವುದಕ್ಕೆ, ಕೊನೆಗೆ ಅಳುವುದಕ್ಕೂ ವೇಳೆ ಗೊತ್ತಾಗಿತ್ತು. ಹಾಗಾಗಿ ಸೈರನ್ ಕೂಗಿದೊಡನೆ ಊರಿಗೆ ಊರೇ ಎದ್ದು ಹೊರಡುವ ಆ ಸ್ಥಳ ನನಗೆ ತವರಿಗಿಂತ ಹೆಚ್ಚು ತವರೆನಿಸಿತು. ಮಗಳು ಪದ್ಮಾ ಎರಡರ ಆಸುಪಾಸಿಗೆ ಬಂದಾಗ, ಬೆಳಗಿನ ಸೈರನ್ನಿಗೆ ಸರಿಯಾಗಿ ಅವಳನ್ನು ಹಿತ್ತಿಲ ಚರಂಡಿಯಂಚಿನ ಇಟ್ಟಿಗೆಗಳ ಮೇಲೆ ಪ್ರತಿಷ್ಠಾಪಿಸಿ, ಮುಖ ತಿರುಗಿಸಿ ನಿಂತು, ಸ್ವಲ್ಪ ಹೊತ್ತಿನ ಮೇಲೆ 'ಆಯ್ತಾ?' ಎನ್ನುತ್ತಿದ್ದೆ. ಅವಳು 'ಆಯಿ' ಎನ್ನುತ್ತಿದ್ದಳು. ಎಳೆಯ ನಾಲಗೆ ತಕಾರವನ್ನು ನುಂಗಿತೆಂದುಕೊಂಡು, ಚೊಂಬು ನೀರು ಹೊಯ್ದು ಎತ್ತಿಬಿಡುತ್ತಿದ್ದೆ. ಚರಂಡಿಯ ನೀರು ಸದಾ ಹರಿಯುತ್ತಿದ್ದುದರಿಂದ ಪುರಾವೆ ಹುಡುಕುವ ಪ್ರಮೇಯವೇ ಬರಲಿಲ್ಲ. ಆ ಕ್ರಿಯೆಗೊಂದು ಹೆಸರಿದೆಯೆಂಬುದನ್ನು ನಾನು ಮಗುವಿಗೆ ಕಲಿಸಲೂ ಇಲ್ಲ. ಸಭ್ಯರ ಮನೆಯಲ್ಲಿ ಅದಕ್ಕೆ ವೇಳೆ ಇದ್ದರೆ ಸಾಕು, ಹೆಸರೇಕೆ?

ನಾನು ಶಾಲೆಯಲ್ಲಿ ಪಾಠ ಹೇಳಲು ಹೋದಾಗ ಪದ್ಮಾ ಪಕ್ಕದ ಮನೆಯ ಚೆಲ್ಲಮ್ಮನ ಅಂಗಳದಲ್ಲಿ ಇರುತ್ತಿದ್ದಳು. ಸಂಜೆ ಚೆಲ್ಲಮ್ಮ ತಮ್ಮ ತಮಿಳಿನಲ್ಲಿ "ಪಾಪಾ ಆಯಿ ಪೋಯಿಡ್ಚಿಮ್ಮಾ" ಎಂದು ವರದಿ ಒಪ್ಪಿಸುತ್ತಿದ್ದರು. ಎಲ್ಲ ಆಗಿ ಹೋಯಿತು, ಯೋಚನೆ ಬೇಡ ಎಂಬ ಸಾಂತ್ವನವೆಂದು ತಿಳಿದು ನಾನು ತಲೆಯಾಡಿಸುತ್ತಿದ್ದೆ.

ಬೇಸಿಗೆ ರಜೆಗೆ ಬೂದಿಕೋಟೆಗೆ ಹೋದೆವು. ಅಲ್ಲಿ ಸೈರನ್ನೂ ಇಲ್ಲ, ಚರಂಡಿಯೂ ಇಲ್ಲ. ಇದ್ದದ್ದು ಹಿತ್ತಿಲ ಒಣನೆಲ ಮತ್ತು ನನ್ನ ಅಮ್ಮ.

"ಆಯ್ತಾ ಚಿನ್ನಾ?" ಎಂದರು ಅಮ್ಮ.

"ಆಯಿ!"

"ಅಗೋ, ಆಯ್ತಂತೆ. ನೀರ್ ತಕ್ಕೊಂಡ್ ಬಾರಮ್ಮಿ." ಎತ್ತಿದ ಮೇಲೆ ಅಮ್ಮ ಬಗ್ಗಿ ನೋಡಿದರು. "ಎಲ್ಲೇ ಆಗೈತೆ? ನೆಲ ಒಣಗ್ಕೊಂಡೈತೆ! ಗೇಣುದ್ದ ಇಲ್ಲ, ಆಗ್ಲೇ ಸುಳ್ಳು ಯೋಳ್ತಾಳೆ ಕಣೇ ನಿನ್ ಮಗ್ಳು."

ಮರುದಿನವೂ ಅದೇ ಪ್ರಶ್ನೆ, ಅದೇ ಉತ್ತರ, ಅದೇ ಒಣನೆಲ. ಶಿಸ್ತಿನ ನಾನು ಗದರಿದೆ. ಮಗು ನನ್ನನ್ನೂ ಅಜ್ಜಿಯನ್ನೂ ಸರದಿಯಾಗಿ ನೋಡಿ, ಇಬ್ಬರಲ್ಲಿ ಯಾರಿಗೆ ಬುದ್ಧಿ ಕೆಟ್ಟಿದೆಯೆಂದು ನಿಶ್ಚಯಿಸಲಾರದೆ ಬಿಗಿದುಕೊಂಡು ಕೂತಿತು. ಆಮೇಲೆ ಆಯಿಯೂ ಇಲ್ಲ, ಮಾತೂ ಇಲ್ಲ. ಹೊಟ್ಟೆ ತಮಟೆಯ ಹಾಗೆ ಬಿಗಿಯಿತು. ಹಾಲು ಬೇಡವೆಂದಿತು. ಹರಳೆಣ್ಣೆ ಕುಡಿಸಿದ್ದಾಯಿತು, ಹೊಟ್ಟೆಗೆ ಹಚ್ಚಿದ್ದಾಯಿತು. ಮೈ ಬೆಚ್ಚಗಾಗತೊಡಗಿದಾಗ ನನ್ನ ಜೀವ ಬಾಯಿಗೆ ಬಂತು. ಊರಿಗಾಂ ಕಡೆಯ ಆಸ್ಪತ್ರೆಗೇ ಕರೆದೊಯ್ಯೋಣವೆಂದು ಬಸ್ಸು ಹಿಡಿದು, ಅಮ್ಮನನ್ನೂ ಕರೆದುಕೊಂಡು ಬಂಗಾರಪೇಟೆಯ ರೈಲು ನಿಲ್ದಾಣಕ್ಕೆ ಬಂದೆ.

ಗಾಡಿ ನಿಂತಿತ್ತು. ಹತ್ತಬೇಕೆನ್ನುವಾಗ ಪದ್ಮಾ ನನ್ನ ಸೊಂಟದ ಮೇಲೆ ಮುದುರಿಕೊಂಡು "ಆಯಿ! ಆಯಿ!" ಎಂದು ಕಿರುಚಿದಳು.

"ಇನ್ನೂ ಅದೇ ಸುಳ್ಳಾ?" ಎಂದರು ಅಮ್ಮ, ಕಣ್ಣೊರೆಸಿಕೊಳ್ಳುತ್ತಾ. "ಎಲ್ಲಿ ಆಯ್ತೇ ನನ್ ತಾಯಿ? ಆಗಿದ್ರೆ ನಾವ್ಯಾಕೆ ಇಲ್ಲಿಗ್ ಬತ್ತಿದ್ವಿ?"

ಬೆಂಚಿನ ಮೇಲೆ ಗಂಟುಮೂಟೆಯೊಡನೆ ಕೂತಿದ್ದ ತಮಿಳು ಹೆಂಗಸೊಬ್ಬಳು ತಡೆಯಲಾರದೆ ಎದ್ದಳು. "ಏನಮ್ಮಾ ನೀವು! ಕೊಳಂದೆ ಆಯಿ ವರುದು, ಬರ್ತೈತೆ ಅಂತ ಅಳ್ತೈತೆ, ನೀವು ಆಯ್ತಾ ಆಯ್ತಾ ಅಂತ ಜಗಳ ಮಾಡ್ತೀರಾ? ಕರ್ಕೊಂಡ್ ಓಗಿ, ಪಾವಂ!"

"ಆಯಿ ಅಂದ್ರೆ?" ಎಂದೆ.

"ಅದೇಮ್ಮಾ, ಕಕ್ಕ!"

ಇಡೀ ಪ್ಲಾಟ್‌ಫಾರಂ ತಿರುಗಿ ನೋಡಿತು. ಸಂತೆಯಲ್ಲಿ ಚೌಕಾಶಿ ಮಾಡುವಷ್ಟು ತಮಿಳು ನನಗೆ ಬರುತ್ತಿತ್ತು. ಆದರೆ ಈ ಪದಾರ್ಥವನ್ನು ಸಂತೆಯಲ್ಲಿ ಯಾರೂ ಮಾರುವುದಿಲ್ಲ.

"ನಿನ್ ಮನೆ ಕಾಯೋಗ!" ಎಂದು ಅಮ್ಮ ನನ್ನ ಮೇಲೆ ತಿರುಗಿದರು. "ಮೇಷ್ಟ್ರ ಮಗ್ಳಂತೆ! ಮಗೀಗೆ ಕಕ್ಕ ಅನ್ನೋದ್ ಕಲ್ಸಕ್ಕಾಗ್ಲಿಲ್ವೇನೇ ನಿಂಗೆ?"

ಗಾಡಿ ಶಿಳ್ಳೆ ಹಾಕಿತು. ಜೀವಮಾನದಲ್ಲಿ ಒಂದು ಗಾಡಿಯನ್ನೂ ತಪ್ಪಿಸಿಕೊಳ್ಳದ ನಾನು ಅದಕ್ಕೆ ಬೆನ್ನು ಹಾಕಿ, ಪ್ಲಾಟ್‌ಫಾರಂ ಮುಗಿಯುವಲ್ಲಿದ್ದ ತಂಗಡಿ ಗಿಡಗಳ ಮರೆಗೆ ಮಗುವನ್ನು ಎತ್ತಿಕೊಂಡು ಓಡಿದೆ. ಅವಳು ನನ್ನ ಸೆರಗನ್ನು ಹಿಡಿದು, ಈಗ ಎತ್ತಿಬಿಡುತ್ತಾಳೋ ಎಂಬ ಭಯದಿಂದ ನನ್ನ ಬಾಯನ್ನೇ ನೋಡುತ್ತಿದ್ದಳು. ಬಾಯಿ ತೆರೆದರೆ ಬರುವುದು ಒಂದೇ ಪದವೆಂದು ಗೊತ್ತಿದ್ದರಿಂದ ತುಟಿ ಕಚ್ಚಿ ಕೂತೆ. ಗಾಡಿ ಹೊರಟುಹೋಯಿತು. ಅದರ ಹೊಗೆಯೂ ಕರಗಿತು. ಆಮೇಲೆ ಹರಳೆಣ್ಣೆ ತನ್ನ ಕರ್ತವ್ಯವನ್ನು ನೆನಪಿಸಿಕೊಂಡಿತು. ಅಂಗೈ ಇಟ್ಟು ನೋಡಿದೆ, ಹೊಟ್ಟೆ ಮೆತ್ತಗಾಗಿತ್ತು.

ಬರುತ್ತಿದೆ ಎಂದು ಅವಳು ಹೇಳಿದಾಗಲೆಲ್ಲ, ಬಂದು ಹೋಯಿತು ಎಂದು ನಾನು ಎತ್ತಿಕೊಂಡಿದ್ದೆ. ಊರಿಗಾಂನಲ್ಲಿ ಅವಳ ಹೊಟ್ಟೆಯನ್ನು ಕಾಪಾಡಿದ್ದು ಆ ಪದವನ್ನು ಕಲಿಸಿದ ಚೆಲ್ಲಮ್ಮನ ಅಂಗಳ. ಅಷ್ಟು ದಿನ ಅವಳಿಗೆ ನಾನು ಕಲಿಸಿದ್ದಾದರೂ ಏನು ಎಂದು ಈಗಲೂ ಯೋಚಿಸುತ್ತೇನೆ.

ಊರಿಗಾಂಗೆ ಬಂದ ಮರುದಿನ ಬೆಳಿಗ್ಗೆ ಸೈರನ್ ಕೂಗಿತು. ಪದ್ಮಾಳನ್ನು ಇಟ್ಟಿಗೆಗಳ ಮೇಲೆ ಕೂರಿಸಿದೆ. ಏನು ಕೇಳಬೇಕೆಂದು ತಿಳಿಯಲಿಲ್ಲ. ಕೇಳದೆ ನಿಂತೂ ಅಭ್ಯಾಸವಿರಲಿಲ್ಲ. ಮುಖ ತಿರುಗಿಸಬೇಕೋ ನೋಡುತ್ತಿರಬೇಕೋ ಎಂಬುದೂ ಹೊಳೆಯದೆ, ಚೊಂಬು ಹಿಡಿದು ಅತ್ತಿಂದಿತ್ತ ಹೆಜ್ಜೆ ಹಾಕಿದೆ. ಪದ್ಮಾ ಸ್ವಲ್ಪ ಹೊತ್ತು ನನ್ನನ್ನು ಗಮನಿಸಿ, ಅಜ್ಜಿಯ ಊರಿನಲ್ಲಿ ಕಲಿತು ಬಂದ ಅಚ್ಚ ಕನ್ನಡದಲ್ಲಿ ತೀರ್ಪು ಕೊಟ್ಟಳು:

"ಅಮ್ಮಾ, ನೀನು ಅತ್ಲಾಗೋಗು."

ಚೊಂಬನ್ನು ಅವಳ ಪಕ್ಕದಲ್ಲಿಟ್ಟು ಒಳಗೆ ಹೋದೆ.