ಗಾಳಿ ಎಷ್ಟೈತೆ ನೋಡ್ಲಾ

ನಮ್ಮ ಸೋದರಮಾವನ ಎರಡೂ ಕೈ ತುಂಬ ಕೂದಲು. ಬಲಗೈಯ ಹಿಂಬದಿ ಮಾತ್ರ ನುಣ್ಣಗಿತ್ತು. ರೇಷ್ಮೆ ಹುಳ ಸಾಕುತ್ತಿದ್ದ ಕಾಲದಲ್ಲಿ ಇದ್ದಿಲ ಒಲೆಯ ಕಾವನ್ನು ಆ ಕೈಯಲ್ಲೇ ನೋಡಿ ನೋಡಿ ಹಾಗಾಯಿತು ಎಂದು ಅವರು ಹೇಳುತ್ತಿದ್ದರು. ಕಾರಿನ ಬಾನೆಟ್ಟಿನೊಳಗೆ ಕೈಯಿಟ್ಟು ಸುಟ್ಟುಕೊಂಡದ್ದು ಎಂದು ಅತ್ತೆ ಹೇಳುತ್ತಿದ್ದರು. ಯಾವುದು ನಿಜವೋ ನನಗೆ ಗೊತ್ತಿಲ್ಲ. ಕೈ ನುಣ್ಣಗಿದ್ದದ್ದು ನಿಜ.

ಹಾರೋಹಳ್ಳಿಯಲ್ಲಿ ಫ್ಯಾಕ್ಟರಿಗಳಿಗೆಂದು ಜಮೀನು ತೆಗೆದುಕೊಂಡಾಗ ಮಾವನ ಹಿಪ್ಪುನೇರಳೆ ತೋಟವೂ ಹೋಯಿತು. ಪರಿಹಾರ ಬಂದವರೆಲ್ಲ ಫ್ಯಾಕ್ಟರಿ ಹುಡುಗರಿಗೆ ಬಾಡಿಗೆ ಕೊಡಲು ಸಾಲು ಸಾಲು ರೂಮು ಕಟ್ಟಿಸಿದರು. ಮಾವನೂ ಕಟ್ಟಿಸಿದರು. ಆಮೇಲೆ ಯಾರನ್ನೂ ಕೇಳದೆ ಬೆಂಗಳೂರಿಗೆ ಹೋಗಿ, ಒಬ್ಬ ಶ್ರೀಮಂತನ ಮಗ ಆಸೆಯಿಂದ ತರಿಸಿ ಬೇಸತ್ತು ಮಾರುತ್ತಿದ್ದ ಒಂದು ವಿದೇಶಿ ಕಾರು ಕೊಂಡು ತಂದರು. ಅದಕ್ಕೆ ಸೂಪರ್‌ಚಾರ್ಜರ್ ಇತ್ತು. ಮನೆಯ ಮುಂದೆ ನಿಲ್ಲಿಸಿ ಅವರು ಆಕ್ಸಿಲರೇಟರ್ ಒತ್ತಿದರೆ ಕೊಟ್ಟಿಗೆಯ ಹಸು ಹಗ್ಗ ಜಗ್ಗುತ್ತಿತ್ತು.

ನಾನು ಆಗಷ್ಟೇ ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿ, ಯಾವ ಕೆಲಸದಲ್ಲೂ ನಿಲ್ಲದೆ ಮಾವನ ಮನೆಯಲ್ಲಿ ಬಿದ್ದಿದ್ದೆ. ಸೂಪರ್‌ಚಾರ್ಜರ್ ಗಾಳಿಯನ್ನು ಒತ್ತಿ ಇಂಜಿನ್ನಿಗೆ ತುಂಬುತ್ತದೆ, ಒತ್ತಿದ ಗಾಳಿ ಕಾಯುತ್ತದೆ, ಕಾದ ಗಾಳಿ ತೆಳುವಾಗುತ್ತದೆ, ಕಾರಿನ ಕಂಪ್ಯೂಟರು ಇಂಜಿನ್ ಕೆಡಬಾರದೆಂದು ತಾನೇ ಜೋರು ತಗ್ಗಿಸುತ್ತದೆ ಎಂದು ವಿವರಿಸಿದ್ದು ನಾನೇ. ಮಾವ ಎಲ್ಲ ಕೇಳಿಸಿಕೊಂಡು, "ಅಂಗಂದ್ರೆ ಇದೂ ಹುಳನೇ ಅನ್ನು. ಸೆಕೆ ತಡಿಯಲ್ಲ" ಅಂದರು.

ಮಾರನೆಯ ದಿನ ನೋಡಿದರೆ ಕಾರಿನ ಮುಂಭಾಗಕ್ಕೆ ಒದ್ದೆ ಗೋಣಿಚೀಲ ಕಟ್ಟಿದ್ದರು, ಬೇಸಿಗೆಯಲ್ಲಿ ಹುಳ ಸಾಕುವ ಮನೆಯ ಕಿಟಕಿಗೆ ಕಟ್ಟುವ ಹಾಗೆ. ನಾನು ನಗಬೇಕಿತ್ತು. ನಗಲಿಲ್ಲ. ನೀರು ಆವಿಯಾದರೆ ತಂಪಾಗಲೇಬೇಕು, ಸರಿಯಾಗಿದೆ ಅಂದೆ. ಕನಕಪುರದ ಅರ್ಧ ದಾರಿಯಲ್ಲಿ ಗೋಣಿ ಜಾಲರಿಗೆ ಅಂಟಿ, ಒಳಗೆ ಗಾಳಿಯೇ ಹೋಗದೆ ರೇಡಿಯೇಟರು ಕುದಿದು ಉಕ್ಕಿತು. ಇಬ್ಬರೂ ಹುಣಸೆಮರದ ಕೆಳಗೆ ಕೂತೆವು.

"ಏನ್ಲಾ ಅಳಿಯ, ಓದ್ದೋನು ನೀನು ಏಳ್‌ಬಾರ್ದಾ?"

"ಹುಳ ಸಾಕಿದೋರು ನೀವು, ನಿಮಗೆ ಗೊತ್ತಾಗಬಾರದಾ?"

"ಹುಳ ಓಡಲ್ಲ ಕಣ್ಲಾ" ಎಂದು ಅವರು ನಗತೊಡಗಿದವರು ಕೆಮ್ಮು ಬರುವವರೆಗೂ ನಿಲ್ಲಿಸಲಿಲ್ಲ.

ಆಮೇಲೆ ನಾವಿಬ್ಬರೂ ಸೇರಿ ಡಿಕ್ಕಿಯಲ್ಲಿ ಒಂದು ಟ್ಯಾಂಕು ಕೂರಿಸಿದೆವು. ಗಾಳಿಯನ್ನು ತಣಿಸುವ ನೀರು ಅದರಿಂದ ಸುತ್ತಿ ಬರಬೇಕು, ಅದಕ್ಕೆ ಐಸು ತುಂಬಬೇಕು. ಒಳಹೋಗುವ ಗಾಳಿಯ ಬಿಸಿ ತೋರಿಸುವ ಕೆಂಪು ಅಂಕಿಗಳ ಮೀಟರನ್ನೂ ಹಾಕಿದೆವು. ಅಂದಿನಿಂದ ಮಾವ ರಸ್ತೆಯಿಂದ ಕಣ್ಣು ತೆಗೆಯದೆ ಕೇಳುತ್ತಿದ್ದದ್ದು ಒಂದೇ: "ಗಾಳಿ ಎಷ್ಟೈತೆ ನೋಡ್ಲಾ." ನಾನು ಓದಿ ಹೇಳುವುದು. ಕಡಿಮೆಯಿದ್ದರೆ ಮೀಸೆಯಡಿ ನಗು, ಹೆಚ್ಚಿದ್ದರೆ "ಒಸಿ ಉಸಿರಾಡ್ಲಿ ಬುಡು" ಎಂದು ನಿಧಾನ.

ಅವರಿಗೆ ಜಂಬ ಇರಲಿಲ್ಲ ಎಂದು ನಾನು ಬರೆಯಲಾರೆ. ಕನಕಪುರದ ಜಲ್ಲಿ ಕ್ರಷರ್ ಮಾಲೀಕನ ಮಗ ಅಂಥದೇ ಒಂದು ಕಾರು ತಂದಾಗ, ಟೀ ಅಂಗಡಿಯಲ್ಲಿ ಊರೆಲ್ಲ ಕೇಳುವ ಹಾಗೆ ಪಂದ್ಯ ಕಟ್ಟಿದರು. ಕೈಗಾರಿಕಾ ಪ್ರದೇಶದ ಹೊಸ ಭಾಗದಲ್ಲಿ ರಸ್ತೆ ಹಾಕಿ ಮುಗಿದಿತ್ತು, ಫ್ಯಾಕ್ಟರಿ ಒಂದೂ ಬಂದಿರಲಿಲ್ಲ. ಅಲ್ಲಿ ಭಾನುವಾರ ಮಧ್ಯಾಹ್ನ ಓಟ. "ಸೋತ್ರೆ ಈ ಕಾರು ನಮ್ಮೂರೊಳಕ್ಕೆ ಕಾಲಿಕ್ಕಲ್ಲ" ಅಂದುಬಿಟ್ಟರು. ಆ ಕಾರಿನಲ್ಲಿ ಊರಬಾಗಿಲು ದಾಟಿ ಬರುವುದೇ ಅವರಿಗೆ ದಿನದ ಹಬ್ಬ ಎಂದು ಎಲ್ಲರಿಗೂ ಗೊತ್ತಿತ್ತು.

ಆ ಭಾನುವಾರ ಕನಕಪುರದ ಐಸ್ ಫ್ಯಾಕ್ಟರಿಯಲ್ಲಿ ಉಳಿದಿದ್ದ ಐಸನ್ನೆಲ್ಲ ನಾವೇ ಕೊಂಡು ಡಿಕ್ಕಿಗೆ ತುಂಬುತ್ತಿದ್ದೆವು. ಮೊಪೆಡ್ಡಿನಲ್ಲಿ ಒಬ್ಬರು ಬಂದು, ಮಡಿಸಿದ ಗೋಣಿಚೀಲ ಹಿಡಿದು ನಿಂತರು. "ನಾಳೆ ಬಾರಣ್ಣ, ಇರೋದೆಲ್ಲ ಇವ್ರು ತಕ್ಕಂಡ್ಬುಟ್ರು" ಅಂದ ಕೆಲಸದವನು. ಆ ಮನುಷ್ಯ ಹೋಗಲಿಲ್ಲ, ಕೇಳಲೂ ಇಲ್ಲ.

"ಏನಕ್ಕಪ್ಪಾ ಐಸು?" ಅಂದರು ಮಾವ.

"ನಮ್ಮವ್ವ ತೀರ್ಕಂಡ್ಬುಟ್ಲು ಯಜಮಾನ್ರೆ. ನಮ್ಮಣ್ಣ ಪೂನಾದಲ್ಲವ್ನೆ, ಲಾರಿ ಓಡುಸ್ತಾನೆ. ನಾಳೆ ವತ್ತಾರೆ ಬತ್ತಾನೆ. ಅಲ್ಲೀಗಂಟ..." ಎಂದು ಬಿಸಿಲಿನ ಕಡೆ ನೋಡಿದರು.

ಮಾವ ಗಡಿಯಾರ ನೋಡಿಕೊಂಡರು. ಆಮೇಲೆ ಡಿಕ್ಕಿ ನೋಡಿದರು. "ಮೊಪೆಡ್ ಮ್ಯಾಲೆ ಎಂಗೆ ಒಯ್ತೀಯ? ಮುಂದೆ ನಡಿ, ಇಂದೆ ಬತ್ತೀನಿ."

ಕೋಡಿಹಳ್ಳಿ ಕಡೆಯ ಒಂದು ಹಳ್ಳಿ. ಆ ಓಣಿಯಲ್ಲಿ ಕಾರು ತೆವಳಿತು. ಮಾವ ಐಸನ್ನೆಲ್ಲ ಇಳಿಸಿ, ಆ ಅಜ್ಜಿಯ ಎರಡೂ ಮಗ್ಗುಲಿಗೆ ಜೋಡಿಸಿಟ್ಟು, ಬೇಗ ಕರಗದಂತೆ ಮೇಲೆ ಹೊಟ್ಟು ಸುರಿದು, ಹಣದ ಮಾತಿಗೆ ಬೇಡವೆಂದು ಕೈಯಾಡಿಸಿ ಹೊರಟರು. ಸಾವಿನ ಮನೆಗೆ ಹೋಗಿಬಂದ ಮೇಲೆ ಮೈಗೆ ನೀರು ಬೀಳಬೇಕಲ್ಲ, ದಾರಿಯಲ್ಲಿ ಒಂದು ಪಂಪ್‌ಸೆಟ್ಟಿನ ನೀರಿಗೆ ಅಂಗಿ ಸಮೇತ ತಲೆಯೊಡ್ಡಿದರು. ನನ್ನನ್ನೂ ನಿಲ್ಲಿಸಿದರು. ಬೇರೆಲ್ಲಾದರೂ ಐಸು ಹುಡುಕಲು ಹೊತ್ತಿರಲಿಲ್ಲ.

"ಮಾವ, ಇದ್ದದ್ದು ಹೇಳಿ, ಓಟ ಇನ್ನೊಂದು ದಿನ ಇಟ್ಕೊಳ್ಳೋಣ ಅನ್ನಿ" ಅಂದೆ.

"ಯಾರ್ದೋ ಸಾವಿನ ಮನೆ ಹೆಸರೇಳ್ಕಂಡು ಟೈಮ್ ಕೇಳ್ಲಾ? ಆಯಮ್ಮ ನಂಗೇನಾಗ್ಬೇಕ್ಲಾ? ನೀನೂ ಬಾಯ್‌ಬುಡಬ್ಯಾಡ."

ತಡವಾಗಿ ಹೋದೆವು. ಊರಿನವರು, ಫ್ಯಾಕ್ಟರಿ ಹುಡುಗರು ರಸ್ತೆಯ ಎರಡೂ ಕಡೆ ನಿಂತಿದ್ದರು. ಕ್ರಷರ್ ಮಾಲೀಕನ ಮಗ ಮಾವನ ತೊಪ್ಪೆಯಾದ ಅಂಗಿಯನ್ನು ನೋಡಿ, "ಏನ್ ಯಜಮಾನ್ರೇ, ಓಡ್ಸೋಕ್ ಮುಂಚೇನೇ ಇಷ್ಟೊಂದು ಬೆವ್ತಿದೀರಿ?" ಅಂದ. ದೊಡ್ಡ ನಗೆ ಎದ್ದಿತು. ನಮ್ಮೂರಿನವರೇ ಹೆಚ್ಚು ನಕ್ಕರು. ಮಾವ ಮುಖ ಒರೆಸಿಕೊಂಡು, "ಸೆಕೆ ಕಣಪ್ಪ" ಅಂದರು. ನನ್ನ ಬಟ್ಟೆಯೂ ಒದ್ದೆಯಾಗಿತ್ತು, ಯಾರೂ ನೋಡಲಿಲ್ಲ.

ಟ್ಯಾಂಕಿನ ನೀರು ಬೆಚ್ಚಗಾಗಿತ್ತು. ಓಟದ ಅರ್ಧ ದಾರಿಯಲ್ಲಿ ಮಾವ ಕೇಳಿದರು, ಗಾಳಿ ಎಷ್ಟೈತೆ ನೋಡ್ಲಾ. ನಾನು ಎಂಬತ್ತು ಅಂದೆ. ಮತ್ತೆ ಕೇಳಲಿಲ್ಲ. ಇಂಜಿನ್ ತನ್ನ ಜೋರನ್ನು ತಾನೇ ಹಿಡಿದುಕೊಂಡದ್ದು ಸೀಟಿನಲ್ಲಿ ಕೂತ ನನಗೂ ತಿಳಿಯಿತು. ಆ ಹುಡುಗನ ಕಾರು ನಮ್ಮ ಬಲಕ್ಕೆ ಬಂದು, ಮುಂದಾಗಿ, ಹೋಯಿತು.

ಅಂದಿನಿಂದ ಕಾರು ಊರಾಚೆಯ ಹೊಂಗೆಮರದ ಕೆಳಗೆ ನಿಂತಿತು. ಮಾವ ಅಲ್ಲಿಂದ ಮನೆಗೆ ನಡೆದು ಬರುತ್ತಿದ್ದರು, ಮಳೆಯಲ್ಲೂ, ಕೈಯಲ್ಲಿ ದಿನಸಿ ಚೀಲ ಇದ್ದಾಗಲೂ. "ಬೆವರಪ್ಪ ಬಂದ್ರು" ಎಂದು ಹುಡುಗರು ಕೂಗುತ್ತಿದ್ದರು. "ನಡುದ್ರೆ ಸಕ್ಕರೆ ಕಾಯಿಲೆ ಬರಲ್ಲ ಕಣ್ರಲಾ" ಎಂದು ಅವರು ದಾಟಿ ಹೋಗುತ್ತಿದ್ದರು. ಊರವರ ನಗು ಅವರಿಗೆ ನಾಟುತ್ತಿರಲಿಲ್ಲ ಎಂದಲ್ಲ. ಟೀ ಅಂಗಡಿಗೆ ಹೋಗುವುದನ್ನೇ ಬಿಟ್ಟರು.

ನನಗೆ ನನ್ನ ನೆನಪಿನ ಮೇಲೆ ಗುಮಾನಿ ಹೆಚ್ಚು. ಎಂಬತ್ತು ಎಂದು ನಿಜವಾಗಿ ಓದಿದೆನೋ, ಸೋಲಿಗೆ ಹೊಂದುವ ಅಂಕಿಯೊಂದನ್ನು ಆಮೇಲೆ ಕಟ್ಟಿಕೊಂಡೆನೋ? ಮುಂದೆ ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ಒಮ್ಮೆ ಐಸು ಇದ್ದಿದ್ದರೆ ಗೆಲ್ಲುತ್ತಿದ್ದೆವು ಎಂದು ಬರುತ್ತದೆ, ಇನ್ನೊಮ್ಮೆ ಇಲ್ಲ ಎಂದು. ಮಾವನನ್ನೇ ಕೇಳಿದ್ದೆ. "ಐಸಿದ್ರೂ ಸೋಲ್ತಿದ್ನೇನೋ. ಅವ್ನ ಗಾಡಿ ಚೆನ್ನಾಗೈತೆ" ಅಂದರು. ಇದು ನಿಜವೋ, ನನ್ನ ಬಾಯಿ ಮುಚ್ಚಿಸುವ ಉಪಾಯವೋ, ಅದೂ ಗೊತ್ತಾಗಲಿಲ್ಲ. ಬೇರೆಯವರ ದುಃಖವನ್ನು ನನ್ನ ಅನುಕೂಲಕ್ಕೆ ಬಳಸಬಾರದೆಂದು ನಾನು ಕಲಿತದ್ದು ಅವರಿಂದ. ಅಷ್ಟರ ಮಟ್ಟಿಗೆ ಅನುಮಾನವಿಲ್ಲ.

ಅವರು ತೀರಿಕೊಂಡದ್ದೂ ಬೇಸಿಗೆಯಲ್ಲೇ. ಅವರ ಮಗಳು ಬೆಳಗಾವಿಯಿಂದ ಬರಬೇಕಿತ್ತು. ಈಗ ಐಸು ಹುಡುಕಬೇಕಿಲ್ಲ, ಫೋನು ಮಾಡಿದರೆ ಗಾಜಿನ ಮುಚ್ಚಳದ ಫ್ರೀಜರ್ ಪೆಟ್ಟಿಗೆ ಬರುತ್ತದೆ. ಕ್ರಷರ್ ಮಾಲೀಕನ ಮಗ, ಈಗ ತಲೆಗೂದಲು ಉದುರಿದವನು, ಹಾರ ಹಾಕಿ ನನ್ನ ಪಕ್ಕ ನಿಂತ. ಅವನ ಕಣ್ಣು ಒದ್ದೆಯಾಗಿತ್ತು. "ಒಳ್ಳೆ ಮನುಷ್ಯ. ಅವತ್ತು ಪಾಪ ಎಷ್ಟು ಬೆವ್ತಿದ್ರು ಅಲ್ವಾ?" ಅಂದ.

ಹೇಳಿಬಿಡಬಹುದಿತ್ತು. ಆದರೆ ಇದೂ ಸಾವಿನ ಮನೆಯೇ.

"ಹೌದು. ಸೆಕೆ ಇತ್ತು" ಅಂದೆ.

ಪೆಟ್ಟಿಗೆಯ ಬದಿಯಲ್ಲಿ ಸಣ್ಣ ಮೀಟರೊಂದಿತ್ತು, ಅದೇ ಕೆಂಪು ಅಂಕಿಗಳು. ನನಗೆ ಅರಿವಿಲ್ಲದೆ ಬಗ್ಗಿ ಓದಿದೆ. ನಾಲ್ಕು. ಕಾರಿನಲ್ಲಿ ಅಷ್ಟು ಕಡಿಮೆ ನಾವು ಒಮ್ಮೆಯೂ ಕಂಡಿರಲಿಲ್ಲ. "ನಾಲ್ಕೈತೆ ಮಾವ" ಅಂದೆ, ಅವರ ಮೀಸೆಯ ಕಡೆ ನೋಡುತ್ತ.