ಕಡಿಮೆಯಾಗಿದೆ ಸಾರ್

ನನ್ನ ಭಾವನಿಗೆ ನಮ್ಮ ಬೀದಿಯವರು ಇಟ್ಟ ಹೆಸರು ಹೌದಪ್ಪ. ಕಟಿಂಗ್ ಶಾಪಿನ ಬೋರ್ಡಿನ ಮೇಲೆ ಬೇರೆ ಹೆಸರಿದೆ, ಅದನ್ನು ತಲೆ ಎತ್ತಿ ಓದಿದವರನ್ನು ನಾನು ಕಂಡಿಲ್ಲ. ಕುರ್ಚಿಯಲ್ಲಿ ಕೂತವರು ಏನು ಹೇಳಿದರೂ ಭಾವ "ಹೌದು ಸಾರ್" ಅನ್ನುತ್ತಾರೆ. ಈ ಸಲ ಬಿಸಿಲು ಜಾಸ್ತಿ ಅಂದರೂ ಹೌದು, ಅವರೆದ್ದು ಹೋದ ಮೇಲೆ ಬಂದವರು ಬಿಸಿಲೇ ಇಲ್ಲ ಕಣ್ರೀ ಅಂದರೂ ಹೌದು. ಒಬ್ಬರ ಮುಖ ಇನ್ನೊಬ್ಬರು ನೋಡಿದರೆ ಮುಷ್ಟಿ ಬಿಗಿಯುವ ಅಣ್ಣತಮ್ಮಂದಿರಿಬ್ಬರ ಗಡ್ಡವನ್ನು ಒಂದೇ ಬೆಳಿಗ್ಗೆ ಕೆರೆದು, ಇಬ್ಬರ ಪರವಾಗಿಯೂ ಮಾತಾಡಿ ಕಳಿಸಿದ್ದನ್ನು ನಾನೇ ಕೇಳಿದ್ದೇನೆ.

ಹೆದರಿಕೆಯ ಗುಣ ಎಂದುಕೊಳ್ಳಬೇಡಿ, ಅದು ಕಸುಬು ಕಲಿಸಿದ್ದು. ಕೆಲಸ ಹೇಳಿಕೊಟ್ಟ ಅವರ ಸೋದರಮಾವ ಮೊದಲ ದಿನವೇ ಅಂದಿದ್ದರಂತೆ: "ಕುತ್ತಿಗೆ ಮೇಲೆ ಕತ್ತಿ ಇಟ್ಕೊಂಡು ಯಾರ ಹತ್ರಾನೂ ವಾದ ಮಾಡ್ಬಾರ್ದು ಕಣೋ. ನೀನು ಅಲ್ಲ ಅಂದ್ರೆ ಕೂತೋನು ಮಾತಾಡೋಕೆ ಬಾಯಿ ತೆಗೀತಾನೆ, ಬಾಯಿ ತೆಗೆದ್ರೆ ಗಂಟಲು ಅಲ್ಲಾಡುತ್ತೆ." ಭಾವ ಆ ಪಾಠವನ್ನು ಎಷ್ಟು ಚೆನ್ನಾಗಿ ಕಲಿತರೆಂದರೆ ಕತ್ತಿ ಕೆಳಗಿಟ್ಟ ಮೇಲೂ ಮರೆಯಲಿಲ್ಲ.

ನನ್ನ ಹೊಲಿಗೆ ಅಂಗಡಿ ಅವರದಕ್ಕೆ ಅಂಟಿಕೊಂಡೇ ಇದೆ. ನಡುವೆ ಇರುವುದು ಒಂದು ಪ್ಲೈವುಡ್ ಗೋಡೆ. ನಾನು ಮಷೀನು ನಿಲ್ಲಿಸಿದರೆ ಆ ಕಡೆ ಬಟ್ಟಲಲ್ಲಿ ಬ್ರಷ್ ತಿರುಗುವುದೂ ಕೇಳುತ್ತದೆ. ಅಕ್ಕನನ್ನು ಈ ಮೆತ್ತಗಿನ ಮನುಷ್ಯನಿಗೆ ಗಂಟು ಹಾಕಿದರಲ್ಲ ಎಂದು ನನಗೆ ಬಹಳ ವರ್ಷ ಸಿಟ್ಟಿತ್ತು. ಅಕ್ಕನಿಗೆ ಇರಲಿಲ್ಲ. "ಜಗಳಕ್ಕೂ ಸಿಗಲ್ಲ ಕಣೇ ಇವರು. ಬೈದ್ರೂ ಹೌದು ಅಂತಾರೆ, ಆಮೇಲೆ ನನಗೇ ಪಾಪ ಅನ್ಸುತ್ತೆ" ಎಂದು ನಗುತ್ತಿದ್ದಳು. ಮಕ್ಕಳಾಗಲಿಲ್ಲ. ಅವರಿಗೆ ಅವಳು, ಅವಳಿಗೆ ಅವರು. ಅಂಗಡಿಯಲ್ಲಿ ಗಿರಾಕಿಗಳಿಗೆ ಹೊದಿಸುವ ಬಿಳಿ ಬಟ್ಟೆಗಳನ್ನು, ಟವೆಲುಗಳನ್ನು ಅವಳೇ ಮನೆಯಲ್ಲಿ ಒಗೆದು, ಒಂದೊಂದು ಕೂದಲನ್ನೂ ಆರಿಸಿ ತೆಗೆದು, ಇಸ್ತ್ರಿ ಮಾಡಿ ಕಳಿಸುತ್ತಿದ್ದಳು.

ಆ ವರ್ಷ ಇಡೀ ಬೀದಿಗೆ ನೆಗಡಿ ಬಂತು. ಎಲ್ಲರಿಗೂ ಬಂದ ಹಾಗೆ ಅಕ್ಕನಿಗೂ ಬಂತು, ಎಲ್ಲರಿಗೂ ಹೋದ ಹಾಗೆ ಹೋಯಿತು ಕೂಡ. ಕೆಮ್ಮು ಮಾತ್ರ ಉಳಿಯಿತು. "ನೆಂಟರು ಹೊರಟ್ರು, ಅವರ ತುಂಟ ಮಗೂನ ಇಲ್ಲೇ ಬಿಟ್ಟುಹೋದ್ರು" ಎಂದು ಅವಳೇ ತಮಾಷೆ ಮಾಡಿದಳು. ನೆಗಡಿ ಆದ ಮೇಲೆ ಕೆಮ್ಮು ಸ್ವಲ್ಪ ದಿನ ಎಳೆಯುವುದು ಯಾರ ಮನೆಯಲ್ಲಿ ಇಲ್ಲ? ನಾವೂ ಹಾಗೇ ಅಂದುಕೊಂಡೆವು.

ಭಾವ ಅದನ್ನು ಅಂಗಡಿಯಲ್ಲಿ ಬಾಯಿ ಬಿಟ್ಟರು. ಕಟಿಂಗ್ ಶಾಪಿನಲ್ಲಿ ಕೆಮ್ಮಿನ ಸುದ್ದಿ ಎತ್ತುವುದೆಂದರೆ ಕೇಳಬೇಕೆ! ಮೊದಲು ಬಂದದ್ದು ರಿಟೈರ್ಡ್ ಹೆಡ್‌ಮಾಸ್ತರರ ಶುಂಠಿ. ಮಾಸ್ತರರಿಗೆ ಗಡ್ಡ ಒಂದು ನೆಪ. ಬೆಂಚಿನ ಮೇಲೆ ಕೂತು ಬಂದವರಿಗೆಲ್ಲ ಪಾಠ ಹೇಳದಿದ್ದರೆ ಅವರಿಗೆ ಉಂಡದ್ದು ಅರಗುವುದಿಲ್ಲ. "ಹಸಿ ಶುಂಠಿ ಜಜ್ಜಿ ರಸ ತೆಗೆದು, ಅಷ್ಟೇ ಜೇನುತುಪ್ಪ ಬೆರೆಸಿ ನೆಕ್ಕಿಸಪ್ಪ. ಕೆಮ್ಮು ಬಾಲ ಮುದುರ್ಕೊಂಡು ಓಡುತ್ತೆ." ಆಮೇಲೆ ಬಸ್ ಕಂಡಕ್ಟರ್ ಬಂದು, ಶುಂಠಿ ಉಷ್ಣ, ಮೆಣಸು ಹುರಿದು ಪುಡಿ ಮಾಡಿ ಕೊಡಿ ಅಂದ. ಮೆಣಸು ಉಷ್ಣವಲ್ಲವೇ ಎಂದು ಕೇಳುವ ಮನುಷ್ಯ ನಮ್ಮ ಭಾವನಲ್ಲ. ಇನ್ನೊಬ್ಬರು ಈರುಳ್ಳಿ ಹೆಚ್ಚಿ ಸಕ್ಕರೆ ಹಾಕಿಟ್ಟು, ಅದು ಬಿಟ್ಟ ನೀರನ್ನು ಕುಡಿಸಿ ಅಂದರು. ಉಪ್ಪುನೀರು ಮುಕ್ಕಳಿಸುವುದು, ಹಬೆ ತೆಗೆದುಕೊಳ್ಳುವುದು, ಬೆಳ್ಳುಳ್ಳಿ ಕಾಯಿಸಿದ ಎಣ್ಣೆಯನ್ನು ಎದೆಗೆ ತಿಕ್ಕುವುದು, ಲವಂಗವನ್ನು ದವಡೆಯಲ್ಲಿ ಇಟ್ಟುಕೊಂಡು ಮಲಗುವುದು. ಒಬ್ಬರು ತಲೆಗೆ ನೀರೇ ಹಾಕಬಾರದು ಎಂದರೆ ಇನ್ನೊಬ್ಬರು ತಣ್ಣೀರನ್ನೇ ಹಾಕಬೇಕು ಎಂದರು. ಎಲ್ಲದಕ್ಕೂ ಹೌದು ಸಾರ್.

ಬರೀ ಹೌದು ಅಂದು ಸುಮ್ಮನಾಗಿದ್ದರೆ ನಾನು ಈ ಕಥೆ ಹೇಳಬೇಕಾಗಿರಲಿಲ್ಲ. ಭಾವ ಒಬ್ಬೊಬ್ಬರ ಔಷಧಿಗೂ ಸರದಿ ಹಚ್ಚಿದರು, ಬೆಂಚಿನ ಮೇಲೆ ಗಿರಾಕಿಗಳನ್ನು ಕೂರಿಸಿದ ಹಾಗೆ. ಮಾಸ್ತರರದು ಒಂದಷ್ಟು ದಿನ, ಕಂಡಕ್ಟರನದು ಒಂದಷ್ಟು ದಿನ. ಯಾರಿಗೂ ಅನ್ಯಾಯವಾಗಬಾರದು, ನಾಳೆ ಅವರು ಬಂದು ಕೇಳಿದರೆ ಕೊಟ್ಟೆ ಎಂದು ಹೇಳುವಂತಿರಬೇಕು. ಅವರು ಕೇಳಿಯೂ ಕೇಳುತ್ತಿದ್ದರು: "ಏನಪ್ಪ, ಹೇಗಿದೆ ಮನೆಯವರ ಕೆಮ್ಮು?"

"ಕಡಿಮೆಯಾಗಿದೆ ಸಾರ್. ಅರ್ಧಕ್ಕರ್ಧ ಕಡಿಮೆ."

ಗೋಡೆಯ ಈ ಕಡೆ ನಾನು ಹಲ್ಲು ಕಚ್ಚುತ್ತಿದ್ದೆ. ಮಾಸ್ತರರ ಲೆಕ್ಕದಲ್ಲಿ ಅರ್ಧ, ಕಂಡಕ್ಟರನ ಲೆಕ್ಕದಲ್ಲಿ ಉಳಿದರ್ಧದಲ್ಲಿ ಅರ್ಧ. ಹೀಗೆ ಇಳಿಯುತ್ತಾ ಹೋಗಿದ್ದರೆ ಅಕ್ಕನ ಕೆಮ್ಮು ಎಂದೋ ಸಾಸಿವೆ ಕಾಳಿನಷ್ಟಾಗಿರಬೇಕಿತ್ತು. ಆದರೆ ಸಂಜೆ ಅವರ ಮನೆಯ ಮೆಟ್ಟಿಲು ಹತ್ತುವಾಗಲೇ ನನಗೆ ಅದು ಕೇಳಿಸುತ್ತಿತ್ತು. ಮೊದಲು ಒಣಗಿದ್ದ ಕೆಮ್ಮು ಆಮೇಲೆ ಹಸಿಯಾಯಿತು, ಎದೆಯ ತಳದಿಂದ ಏನನ್ನೋ ಕಿತ್ತು ತರುವ ಹಾಗಾಯಿತು.

ಅಕ್ಕನೂ ಕಡಿಮೆಯವಳಲ್ಲ. ಭಾವ ಅಂಗಡಿ ಮುಚ್ಚಿ, ಕೈಯಲ್ಲೊಂದು ಪೊಟ್ಟಣ ಹಿಡಿದು, ಮಗುವಿಗೆ ಆಟಿಕೆ ತಂದವರ ಮುಖ ಮಾಡಿಕೊಂಡು ಬರುತ್ತಿದ್ದರು. "ನಿನ್ನೆದು ಕೊಟ್ಟ ಮೇಲೆ ಸ್ವಲ್ಪ ಕಡಿಮೆ ಆಯ್ತೇನೆ?" ಆ ಮುಖಕ್ಕೆ ಇಲ್ಲ ಅನ್ನಲು ಅವಳಿಗೆ ಮನಸ್ಸು ಬರುತ್ತಿರಲಿಲ್ಲ. "ಹೂಂರೀ, ಪರವಾಗಿಲ್ಲ" ಅನ್ನುತ್ತಿದ್ದಳು. ಅವರು ಒಳಗೆ ಕೈಕಾಲು ತೊಳೆಯಲು ಹೋದಾಗ ಟವೆಲನ್ನು ಬಾಯಿಗೆ ಒತ್ತಿಕೊಂಡು ಕೆಮ್ಮುತ್ತಿದ್ದಳು. ನಾನು ಗುರಾಯಿಸಿದರೆ, "ಶುಂಠಿ, ಮೆಣಸು, ಈರುಳ್ಳಿ, ಬೆಳ್ಳುಳ್ಳಿ ಎಲ್ಲಾ ಒಳಗೆ ಹೋಗಿದೆ. ಇನ್ನು ಒಂದು ಚಿಟಿಕೆ ಉಪ್ಪು ಹಾಕಿ ನನ್ನನ್ನೇ ಒಲೆ ಮೇಲಿಡಬಹುದು" ಎಂದು ನನ್ನನ್ನೇ ನಗಿಸುತ್ತಿದ್ದಳು. ಗಂಡ ಹೆಂಡತಿ ಒಬ್ಬರ ಮುಖ ಬಾಡಬಾರದು ಎಂದು ಇನ್ನೊಬ್ಬರು ಸುಳ್ಳು ಹೇಳಿಕೊಂಡು ಸಂಸಾರ ಮಾಡಿದರು. ಅದರ ನಡುವೆ ಕೆಮ್ಮು ನೆಮ್ಮದಿಯಾಗಿ ಬೆಳೆಯಿತು.

ಒಂದು ದಿನ ಅಂಗಡಿಗೆ ಬಂದ ಬಿಳಿ ಬಟ್ಟೆಯಲ್ಲಿ ಕೂದಲು ಹಾಗೇ ಇತ್ತು. ಇಸ್ತ್ರಿಯೂ ಇರಲಿಲ್ಲ. ಅಕ್ಕ ಕೂದಲು ಆರಿಸುವುದನ್ನು ಬಿಟ್ಟಳೆಂದರೆ ಅವಳಿಗೆ ಕೈ ಎತ್ತುವ ಶಕ್ತಿ ಇಲ್ಲ ಎಂದೇ ಅರ್ಥ. ಮಷೀನು ಬಿಟ್ಟು ಮನೆಗೆ ಓಡಿದೆ. ಮಧ್ಯಾಹ್ನದ ಬಿಸಿಲಲ್ಲಿ ಹೊದ್ದು ಮಲಗಿದ್ದಳು. ರವಿಕೆ ತೋಳಿನಲ್ಲಿ ನನ್ನ ಎರಡು ಬೆರಳು ಸಲೀಸಾಗಿ ಆಡಿದವು. ಆ ರವಿಕೆ ಹೊಲಿದವಳು ನಾನೇ, ಅಳತೆ ನನಗೆ ಗೊತ್ತು. ಸಾಯಂಕಾಲವಾದರೆ ಮೈ ಬೆಚ್ಚಗಾಗುತ್ತದೆ ಎಂದು ಅವಳು ಆಗ ಒಪ್ಪಿಕೊಂಡಳು.

ಅಂದು ಭಾವನ ಮೇಲೆ ಕೂಗಾಡಿದೆ. "ಊರಿಗೆ ಉಪಕಾರಿ ಮನೆಗೆ ಮಾರಿ ಅಂತಾರಲ್ಲ, ಅದು ನೀವೇ ಭಾವ! ಬೆಂಚಿನ ಮೇಲೆ ಕೂತೋರ ಮಾತು ಕೇಳಿದ್ದು ಸಾಕು. ದಿನಾ ಸಂಜೆ ಜ್ವರ ಬರ್ತಿದೆ ಅವಳಿಗೆ, ಡಾಕ್ಟ್ರಿಗೆ ತೋರಿಸಿ."

ಅವರು ತಲೆ ತಗ್ಗಿಸಿ ನಿಂತರು. "ಹೌದಮ್ಮ. ಡಾಕ್ಟ್ರು ನಮ್ಮ ಗಿರಾಕಿನೇ ಅಲ್ವಾ? ಈ ಭಾನುವಾರ ಕಟಿಂಗಿಗೆ ಬರ್ತಾರೆ, ಕೇಳ್ತೀನಿ."

ಭಾನುವಾರ ನನ್ನ ಅಂಗಡಿಗೆ ರಜೆ. ಮರುದಿನ ನನ್ನ ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಕೇಳಿದೆ. "ಮಾತಾಡ್ದೆ ಕಣಮ್ಮ. ಗಾಬರಿ ಪಡೋದೇನಿಲ್ಲ ಅಂದ್ರು" ಎಂದರು ಭಾವ, ಕುರ್ಚಿ ಒರೆಸುತ್ತಾ. ಡಾಕ್ಟರೇ ಹಾಗೆ ಅಂದ ಮೇಲೆ ನಾನು ಯಾವ ದೊಡ್ಡ ಪಂಡಿತೆ? ಸಮಾಧಾನವಾಯಿತು. ಅಕ್ಕನಿಗೂ ಹೇಳಿದೆ. ಅವಳು "ನೋಡ್ದೆಯಾ, ಸುಮ್ನೆ ಕೂಗಾಡ್ತೀಯ" ಅಂದಳು. ಅವಳ ಮುಖದಲ್ಲೂ ಒಂದು ಗೆಲುವು ಬಂತು.

ಮತ್ತೆ ಶುಂಠಿಯ ಸರದಿ ಬಂತು. ಒಂದು ಬೆಳಿಗ್ಗೆ ಅಕ್ಕ ಬಟ್ಟೆ ನೆನೆಹಾಕಲು ಬಗ್ಗಿದವಳು ಕೆಮ್ಮಿದಳು, ಬಕೆಟ್ಟಿನ ನೀರು ಕೆಂಪಾಯಿತು. ಭಾವ ಅವಳನ್ನು ಎತ್ತಿಕೊಂಡೇ ಬೀದಿಗೆ ಓಡಿ ಬಂದರು. ಎತ್ತಿಕೊಳ್ಳಲು ಅವಳಲ್ಲಿ ಏನು ತೂಕ ಉಳಿದಿತ್ತು!

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಹೊರಗೆ ಬೆಂಚಿನ ಮೇಲೆ ಕೂತಿದ್ದ ನಮ್ಮ ಹತ್ತಿರ ಅದೇ ಡಾಕ್ಟರು ಬಂದರು. ಕ್ಷಯ, ಎರಡೂ ಶ್ವಾಸಕೋಶ ತಿಂದು ಹಾಕಿದೆ ಅಂದರು. ಮೊದಲೇ ಹಿಡಿದಿದ್ದರೆ ಮಾತ್ರೆಗೆ ಬಗ್ಗುವ ಕಾಯಿಲೆಯಂತೆ. ನನಗೆ ತಲೆ ಕೆಟ್ಟಿತು. "ಗಾಬರಿ ಪಡೋದೇನಿಲ್ಲ ಅಂದೋರು ನೀವೇ ಅಲ್ವಾ ಸಾರ್?" ಎಂದು ಅವರ ಮೇಲೇ ಎಗರಿದೆ.

ಡಾಕ್ಟರು ನನ್ನ ಕಡೆ ನೋಡಲಿಲ್ಲ, ಭಾವನ ಕಡೆ ನೋಡಿದರು. "ಇನ್ನೂ ಕೆಮ್ಮು ಇದ್ರೆ ನಾಳೇನೇ ಕರ್ಕೊಂಡು ಬಾ, ಒಂದು ಎಕ್ಸ್‌ರೇ ತೆಗೆಸಿಬಿಡೋಣ ಅಂತ ನಾನು ಹೇಳಲಿಲ್ವೇನಯ್ಯ? ನೀನೇ ತಾನೇ, ಬೇಡ ಸಾರ್, ಮಾಸ್ತರರ ಔಷಧಿಯಿಂದ ಕಡಿಮೆಯಾಗಿದೆ ಅಂದಿದ್ದು? ಜ್ವರ ಇದೆಯಾ ಅಂತ ಕೇಳಿದೆ. ನೀನು ಇಲ್ಲ ಅಂದೆ. ಹಾಗಿದ್ರೆ ಗಾಬರಿ ಇಲ್ಲ ಅಂದೆ ನಾನು."

ನಾನು ಭಾವನ ಕಡೆ ತಿರುಗಿದೆ. "ಮಾಸ್ತರರು ಬೆಂಚಿನ ಮೇಲೇ ಕೂತಿದ್ರಮ್ಮ" ಅಂದರು. "ನನ್ನ ಶುಂಠಿಯಿಂದ ಗುಣ ಆಯ್ತು ಅಂತ ಎಲ್ಲರಿಗೂ ಹೇಳ್ತಾ ಇದ್ರು. ಅವರ ಎದುರಿಗೆ... ಹೇಗೆ ಇಲ್ಲ ಅನ್ನೋದು?"

ಜಗತ್ತಿನಲ್ಲಿ ಜನ ದುರಾಸೆಗೆ ಸುಳ್ಳು ಹೇಳುತ್ತಾರೆ, ಭಯಕ್ಕೆ ಹೇಳುತ್ತಾರೆ. ಒಬ್ಬ ಮುದುಕನಿಗೆ ನಾಲ್ಕು ಜನರ ಮುಂದೆ ಮುಖಭಂಗ ಆಗಬಾರದು ಎಂದು ಹೆಂಡತಿಯ ಉಸಿರನ್ನು ಕೊಟ್ಟವರನ್ನು ನಾನು ಬೇರೆ ಕಂಡಿಲ್ಲ. ಅಲ್ಲೇ ಅವರ ಕೆನ್ನೆಗೆ ಹೊಡೆಯಬೇಕು ಅನ್ನಿಸಿತು. ಹೊಡೆದಿದ್ದರೆ ಅದಕ್ಕೂ ಹೌದಮ್ಮ ಅನ್ನುತ್ತಿದ್ದರೇನೋ.

ಅಕ್ಕ ಆಸ್ಪತ್ರೆಯಿಂದ ಮನೆಗೆ ಬರಲಿಲ್ಲ. ಮಾತ್ರೆ ಕೊಟ್ಟರು, ಚುಚ್ಚಿದರು, ಮೂಗಿಗೆ ನಳಿಕೆ ಇಟ್ಟರು. ಭಾವ ಪಕ್ಕದಲ್ಲಿ ಕೂತು ಅವಳ ಬೆನ್ನು ನೀವುತ್ತಿದ್ದರು. ಕೊನೆಯ ದಿನ ಅವರು "ಹೇಗಿದೆಯೇ?" ಎಂದು ಕೇಳಿದಾಗ ಅವಳು ತುಟಿ ಅಲ್ಲಾಡಿಸಿದಳು. ದನಿ ಇರಲಿಲ್ಲ, ಆದರೂ ಪರವಾಗಿಲ್ಲ ಅಂದಳೆಂದು ನನಗೂ ಗೊತ್ತಾಯಿತು, ಅವರಿಗೂ ಗೊತ್ತಾಯಿತು. ಭಾವ ಹೊರಗೆ ಹೋಗಿ ಗೋಡೆಗೆ ಹಣೆ ಚಚ್ಚಿಕೊಂಡರು.

ಎಲ್ಲ ಮುಗಿದ ಮೇಲೆ ಅಂಗಡಿ ತೆರೆದರು. ತೆರೆಯದೆ ಇನ್ನೇನು ಮಾಡಿಯಾರು? ಬಿಳಿ ಬಟ್ಟೆಗಳನ್ನು ಈಗ ನಾನು ಒಗೆಯುತ್ತೇನೆ. ಅವರ ಮೇಲೆ ನನಗೆ ಪ್ರೀತಿ ಉಳಿದಿದೆಯೋ ಬರೀ ಕರುಣೆಯೋ, ಹೇಳಲಾರೆ. ಗೋಡೆಯ ಆಚೆ ಗಿರಾಕಿಗಳು ತಗ್ಗಿದ ದನಿಯಲ್ಲಿ ಮಾತಾಡಿ ಹೋಗುತ್ತಿದ್ದರು. ಔಷಧಿ ಹೇಳಿದವರಲ್ಲಿ ಕೆಲವರು ಬೇರೆ ಅಂಗಡಿ ಹಿಡಿದರು. ಭಾವ ಅವರನ್ನೂ ಬೈಯಲಿಲ್ಲ.

ಮಾಸ್ತರರು ಆ ದಿನಗಳಲ್ಲಿ ಮಗಳ ಮನೆಗೆ ಹೋಗಿದ್ದರು. ಊರಿಗೆ ವಾಪಸು ಬಂದವರು, ಯಾರ ಬಾಯಲ್ಲೂ ಸುದ್ದಿ ಕೇಳದೆ, ನೇರವಾಗಿ ಬಂದು ಕುರ್ಚಿಯಲ್ಲಿ ಕೂತರು. ಅವರ ದನಿ ಕೇಳಿ ನಾನು ಮಷೀನು ನಿಲ್ಲಿಸಿದೆ. ಬ್ರಷ್ ತಿರುಗಿತು, ಕತ್ತಿ ಆಡಿತು.

"ಏನಪ್ಪ, ಮನೆಯವರ ಕೆಮ್ಮು ಹೇಗಿದೆ?"

"ನಿಂತಿದೆ ಸಾರ್."

"ನಾನು ಹೇಳಿರಲಿಲ್ವಾ!" ಮಾಸ್ತರರಿಗೆ ಹಿಗ್ಗೋ ಹಿಗ್ಗು. ಬೆಂಚಿನ ಮೇಲೆ ಕೂತಿದ್ದವನಿಗೆ ಅಲ್ಲಿಂದಲೇ ಪಾಠ ಶುರುವಾಯಿತು. ಶುಂಠಿ ರಸ, ಅಷ್ಟೇ ಜೇನುತುಪ್ಪ.

ಬೆಂಚಿನವನು ಹೊಸಬ. "ನಮ್ಮಮ್ಮಂಗೂ ನೆಗಡಿ ಆಗಿ ಕೆಮ್ಮು ಹಾಗೇ ಉಳ್ಕೊಂಡಿದೆ ಕಣ್ರೀ. ನೀವು ಎಷ್ಟು ದಿನ ಕೊಟ್ರಿ?" ಎಂದು ಭಾವನನ್ನು ಕೇಳಿದ.

ಕತ್ತಿಯ ಸದ್ದು ನಿಂತಿತು. ನಾನು ಎದ್ದು ಅವರ ಬಾಗಿಲಿಗೆ ಹೋದೆ. ಭಾವ ಕತ್ತಿ ಮಡಿಚಿ ಕನ್ನಡಿಯ ಕೆಳಗಿಟ್ಟರು.

"ಕೊಡಬೇಡಿ" ಅಂದರು. "ನನ್ನ ಹೆಂಡ್ತಿ ಹೋಗ್ಬಿಟ್ಲು. ನಿಮ್ಮ ತಾಯೀನ ಇವತ್ತೇ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ. ಅವರು ಕೇಳಿದ್ರೆ ಇದ್ದದ್ದು ಇದ್ದ ಹಾಗೆ ಹೇಳಿ."

ಮಾಸ್ತರರ ಮುಖದ ಅರ್ಧದಲ್ಲಿ ನೊರೆ ಹಾಗೇ ಇತ್ತು. ಇಂಥ ಹೊತ್ತಿನಲ್ಲಿ ಎಲ್ಲರೂ ಅನ್ನುವ ಮಾತನ್ನು ಅವರೂ ಅಂದರು: "ಹಣೆಬರಹ ಕಣಪ್ಪ. ಯಾರೇನು ಮಾಡೋಕಾಗುತ್ತೆ?"

"ಅಲ್ಲ ಸಾರ್" ಅಂದರು ಭಾವ. "ನಾನು ಮಾಡಬಹುದಿತ್ತು."

ಮಾಸ್ತರರು ಬಾಯಿ ತೆರೆದರು. ಬೆಂಚಿನವನು ಎದ್ದು ಚಪ್ಪಲಿ ಮೆಟ್ಟಿ ಹೊರಟುಹೋದ. ಭಾವ ಕತ್ತಿ ಬಿಚ್ಚಿ, ಮಾಸ್ತರರ ಗಲ್ಲ ಹಿಡಿದು ಇನ್ನೊಂದು ಕಡೆಗೆ ತಿರುಗಿಸಿದರು. ಈ ಮನುಷ್ಯ ಒಂದು ಸಲವಾದರೂ ಗಿರಾಕಿಗೆ ಅಲ್ಲ ಅನ್ನಲಿ ಎಂದು ನಾನು ಕಾದಿದ್ದೆ. ಆ ಭಾನುವಾರ ಇದೇ ಕುರ್ಚಿಯ ಪಕ್ಕ ನಿಂತು ಅಂದಿದ್ದರೆ ನನ್ನ ಅಕ್ಕ ಇವತ್ತು ಇರುತ್ತಿದ್ದಳು.