ಪುಸ್ತಕದ ಬೆನ್ನಿಗೆ ಹೋದ ಹನ್ನೊಂದು ಹಾಳೆ

ಮುದ್ರಣಾಲಯದಲ್ಲಿ ಮೂವತ್ತೊಂದು ವರ್ಷ ಬೈಂಡರಾಗಿದ್ದ ಯಜಮಾನರು ನಿವೃತ್ತಿಯ ನಂತರವೂ ಮನೆಯಲ್ಲಿ ಕುಳಿತು ಊರಿನ ಸರ್ಕಾರಿ ಕಚೇರಿಯ ದಾಖಲೆ ಪುಸ್ತಕಗಳಿಗೆ ರಟ್ಟು ಕಟ್ಟಿಕೊಡುತ್ತಿದ್ದರು. ಹೊಲಿಗೆ ಗಟ್ಟಿಯಾಗಿ ನಿಲ್ಲಲು ಪುಸ್ತಕದ ಬೆನ್ನಿಗೆ ಒಳಗಿನಿಂದ ದಪ್ಪ ಕಾಗದ ಅಂಟಿಸಬೇಕು. ಅದಕ್ಕೆ ಮನೆಯ ರದ್ದಿಯನ್ನೇ ಹೊಂದಿಸುವುದು ಅವರ ಹೆಮ್ಮೆ.

ಒಂದು ಬೆಳಿಗ್ಗೆ ಹೆಂಡತಿ ಕಪಾಟಿನ ಮೇಲೆ ತಡಕಾಡುತ್ತ ಕೇಳಿದರು: “ರೀ, ಇಲ್ಲಿದ್ದ ಕ್ಯಾಲೆಂಡರ್ ಹಾಳೆಗಳೆಲ್ಲಿ?”

“ಆ ರದ್ದಿನಾ? ಒಳ್ಳೆ ದಪ್ಪ ಇತ್ತು ಕಣೇ. ಬೆನ್ನಿಗೆ ಅಂಟಿಸಿ ನಿನ್ನೆನೇ ಕಚೇರಿಗೆ ಕೊಟ್ಟಾಯ್ತು.”

ಆ ಹನ್ನೊಂದು ಹಾಳೆಗಳ ಹಿಂಬದಿಯಲ್ಲಿ ಆಕೆ ಪೆನ್ಸಿಲಿನಿಂದ ಬರೆದ ಕಸೂತಿಯ ಹೂಬಳ್ಳಿ ನಮೂನೆಗಳಿದ್ದವು. ಒಂದೂ ಬೇರೆಯವರದನ್ನು ನೋಡಿ ಬರೆದದ್ದಲ್ಲ. ಯಜಮಾನರಿಗೆ ತಿಳಿದಿರಲಿಲ್ಲವೆಂದು ಯಾರೂ ವಾದಿಸಕೂಡದು. ಎರಡೂ ಬದಿ ನೋಡದೆ ಅಂಟು ಹಚ್ಚುವವರಲ್ಲ ಅವರು. ನೋಡಿದ್ದರು, ಬರೀ ಗೀಚು ಎಂದುಕೊಂಡಿದ್ದರು.

“ಹೋಗ್ಲಿ ಬಿಡಿ,” ಎಂದು ಆಕೆ ನಕ್ಕರು. “ನೀವಂತೂ ಆಫೀಸರ್ ಆಗ್ಲಿಲ್ಲ, ನನ್ನ ಹೂಬಳ್ಳಿಯಾದ್ರೂ ಆಫೀಸ್ ಸೇರ್ತು.”

ಆ ನಗು ಅವರನ್ನು ಚುಚ್ಚಿತು. ಅಂದೇ ಕಚೇರಿಗೆ ಹೋಗಿ, ಪುಸ್ತಕಗಳ ಬೆನ್ನು ಬಿಚ್ಚಿ ಮತ್ತೆ ಕಟ್ಟಿಕೊಡುವೆನೆಂದು ಅಂಗಲಾಚಿದರು.

“ಮೊಹರು ಬಿದ್ದಾಗಿದೆ ಯಜಮಾನ್ರೇ,” ಎಂದ ಗುಮಾಸ್ತ. “ಈಗ ಬ್ಲೇಡ್ ತಾಗಿಸಿದ್ರೆ ನನ್ನ ಕೆಲಸ ಹೋಗುತ್ತೆ.”

ಬಿಚ್ಚಿದ್ದರೂ ಹಾಳೆ ಇಡಿಯಾಗಿ ಬರುತ್ತಿರಲಿಲ್ಲ. ಅವರ ಅಂಟು ಅಷ್ಟು ಗಟ್ಟಿ.

ಮನೆಗೆ ಬಂದವರೇ ಒಂದು ಹೊಸ ಬಿಳಿ ಹಾಳೆಯನ್ನೂ ಚೂಪು ಮಾಡಿದ ಪೆನ್ಸಿಲನ್ನೂ ಆಕೆಯ ಮುಂದಿಟ್ಟರು. “ಇನ್ನೊಂದ್ಸಲ ಬರಿ ಕಣೇ.”

ಆಕೆ ಪೆನ್ಸಿಲು ಹಿಡಿದು ಬಹಳ ಹೊತ್ತು ಕುಳಿತರು. ಕೊನೆಗೆ “ಕೈಗೆ ಬರ್ತಿಲ್ಲ ರೀ,” ಎಂದು ಎದ್ದು, ಆ ಹಾಳೆಯನ್ನು ಅಡುಗೆಮನೆಯ ಕಪಾಟಿಗೆ ಹಾಸಿ, ಮೇಲೆ ಡಬ್ಬಿಗಳನ್ನು ಜೋಡಿಸಿದರು.